ಮೂರು ವಾರ ಎಂದು ಬರೆದವನು

ಲ್ಯಾಬಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಏಳು ಡಬ್ಬಿಗಳಲ್ಲಿ ಐದನೆಯದರ ಚೀಟಿಯನ್ನು ಅವನು ಓದಲಿಲ್ಲ. ಓದಬೇಕಾಗಿಯೂ ಇರಲಿಲ್ಲ, ಅಕ್ಷರ ಅವನದೇ. ಮೊನ್ನೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತಿದ್ದಾಗ ನರ್ಸು ಬಂದು, ನೀವು ನಮ್ಮವರೇ ಅಲ್ಲವೇ, ಚೀಟಿ ಫಾರಂ ಎಲ್ಲ ನೀವೇ ತುಂಬಿಬಿಡಿ, ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆ ಎಂದು ಕೈಗೆ ಕೊಟ್ಟು ಹೋಗಿದ್ದಳು. ಅವನು ಫಾರಮ್ಮನ್ನು ಗೋಡೆಗೆ ಒತ್ತಿ ಹಿಡಿದು ತುಂಬಿದ. ಹೆಂಡತಿಯ ಹೆಸರು. ವಯಸ್ಸು ನಲವತ್ತೊಂದು. ಎಡ ಸ್ತನ, ಎಡ ಕಂಕುಳಿನ ಕೊಬ್ಬು ಸಮೇತ. ತೊಂದರೆ ಮೊದಲು ಗಮನಕ್ಕೆ ಬಂದು ಎಷ್ಟು ಕಾಲವಾಯಿತು ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. ಗೋಡೆಯ ಸುಣ್ಣ ಅಂಗಿಯ ತೋಳಿಗೆ ಮೆತ್ತಿಕೊಂಡಿತ್ತು, ಅದನ್ನು ಕೊಡವಿದ. ಆಮೇಲೆ, ಮುತ್ತು ಪೋಣಿಸಿದ ಹಾಗೆಯೇ, ಮೂರು ವಾರ ಎಂದು ಬರೆದ.

ಸುಳ್ಳು ಎಂದು ಯಾರೂ ಹೇಳಲಾರರು. ಬಟ್ಟೆ ಒಣಹಾಕುವಾಗ ತೋಳು ಸೆಳೆಯುತ್ತದೆ ಎಂದು ಅವಳು ತನ್ನ ಅಕ್ಕನ ಹತ್ತಿರ ಹೇಳಿಕೊಂಡದ್ದು, ಅಕ್ಕ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು, ಎಲ್ಲ ಲೆಕ್ಕ ಹಾಕಿದರೆ ಮೂರು ವಾರವೇ. ಆ ಡಾಕ್ಟರ ಎದುರು ಕುಳಿತು, 'ಯಾವಾಗಿಂದ ಇದೆ ಇದು?' ಎಂದು ಹೆಂಡತಿಯನ್ನು ಮೊದಲು ಕೇಳಿದವನು ಅವನೇ. ಡಾಕ್ಟರಿಗಿಂತ ಮೊದಲು. ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, 'ಈಚೆಗೆ' ಎಂದಿದ್ದಳು. ಆ ನೋಟ ಈಗಲೂ ಎಲ್ಲೆಂದರಲ್ಲಿ ಎದುರಾಗುತ್ತದೆ, ಬಸ್ಸಿನಲ್ಲಿ, ಮೆಟ್ಟಿಲು ಹತ್ತುವಾಗ, ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ. ಹೆದರಿದವಳು ಧೈರ್ಯಕ್ಕಾಗಿ ನೋಡಿದಳು ಎಂದುಕೊಂಡು ಆಗ ಅವಳ ಭುಜ ತಟ್ಟಿದ್ದ. ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಹದಿನೇಳು ವರ್ಷದಿಂದ ಅವನು ಈ ಕಟ್ಟೆಯ ಮುಂದೆ ನಿಂತಿದ್ದಾನೆ. ಕತ್ತರಿಸಿ ತೆಗೆದ ಅಂಗಗಳು ಫಾರ್ಮಲಿನ್ ನೀರಿನಲ್ಲಿ ನೆನೆದು ಬರುತ್ತವೆ. ಕಂಕುಳಿನ ಕೊಬ್ಬು ಬಂದರೆ ಅದರೊಳಗೆ ಅಡಗಿರುವ ಗಂಟುಗಳನ್ನು ಒಂದೂ ಬಿಡದೆ ಹುಡುಕಿ ತೆಗೆಯಬೇಕು. ಕಣ್ಣಿಗೆ ಕಾಣುವುದಿಲ್ಲ, ಹಳದಿಯೊಳಗೆ ಹಳದಿ. ಹಲಗೆಯ ಮೇಲೆ ಕೊಬ್ಬನ್ನು ಹರಡಿ ಹೆಬ್ಬೆರಳಿಗೂ ಎರಡು ಬೆರಳಿಗೂ ನಡುವೆ ಇಟ್ಟು ಮೆಲ್ಲಗೆ ಹೊಸಕುತ್ತ ಹೋಗಬೇಕು. ಕೊಬ್ಬು ಕರಗಿದ ಹಾಗೆ ಸರಿಯುತ್ತದೆ, ಗಂಟು ಸರಿಯುವುದಿಲ್ಲ. ಹತ್ತಾದರೂ ಸಿಗಬೇಕು. ಎಷ್ಟರಲ್ಲಿ ರೋಗ ಹೊಕ್ಕಿದೆ ಎಂಬುದರ ಮೇಲೆ ಮುಂದಿನ ಔಷಧಿ, ಮುಂದಿನ ವರ್ಷಗಳು ನಿಂತಿರುತ್ತವೆ. ಲ್ಯಾಬಿನ ಡಾಕ್ಟರಮ್ಮ, ಎಲ್ಲರ ಬಾಯಲ್ಲಿ ಮೇಡಂ, ಹೊಸದಾಗಿ ಕಲಿಯಲು ಬಂದವರಿಗೆಲ್ಲ ಅವನನ್ನು ತೋರಿಸಿ, ಇವರ ಬೆರಳಿಗೆ ಕಣ್ಣಿದೆ ನೋಡಿ ಎನ್ನುತ್ತಿದ್ದರು. ಅವನು ತಲೆ ತಗ್ಗಿಸಿ ನಗುತ್ತಿದ್ದ. ಅಂಥ ಹೊಗಳಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುವವರ ಪೈಕಿ ಅವನು. ಊಟಕ್ಕೆ ಕುಳಿತಾಗ ಯಾವುದೋ ನೆಪದಲ್ಲಿ ಹೆಂಡತಿಗೆ ಹೇಳುತ್ತಿದ್ದ. ಅವಳು, 'ಕಣ್ಣಿರೋ ಬೆರಳಿಗೆ ಮೂಗೂ ಇರಬೇಕಿತ್ತು, ಇನ್ನೊಂದ್ಸಲ ಸೋಪು ಹಾಕಿ ತೊಳ್ಕೊಂಡು ಬನ್ನಿ' ಎನ್ನುತ್ತಿದ್ದಳು.

ತಮ್ಮವರ ಡಬ್ಬಿಯನ್ನು ತಾವು ಮುಟ್ಟಬಾರದು ಎಂಬುದು ಲ್ಯಾಬಿನ ಕಟ್ಟುಪಾಡು. ಮೇಡಂ ನಿನ್ನೆಯೇ ಹೇಳಿದ್ದರು, ಅದನ್ನು ನಾನು ನೋಡುತ್ತೇನೆ, ನೀವು ವಾರ್ಡಿಗೆ ಹೋಗಿ ಅವರ ಹತ್ತಿರ ಕೂತಿರಿ ಎಂದು. ಕೂರಲು ಆಗಲಿಲ್ಲ. ವಾರ್ಡಿನಲ್ಲಿ ಹೆಂಡತಿಯ ಅಕ್ಕ ಪಕ್ಕದ ಹಾಸಿಗೆಯವರಿಗೆಲ್ಲ ಅವನ ಪರಿಚಯ ಮಾಡಿಕೊಡುತ್ತಿದ್ದಳು. ನಮ್ಮ ತಂಗಿಯ ಗಂಡ ಇದೇ ಆಸ್ಪತ್ರೆಯವರು, ಇದೇ ರೋಗದ ಕೆಲಸವೇ ಅವರದು, ನಮ್ಮ ಹುಡುಗಿಯ ಪುಣ್ಯ ಎಂದು. ಪಕ್ಕದ ಹಾಸಿಗೆಯ ಮುದುಕಿ ಅವನ ಕೈಗಳನ್ನೇ ದಿಟ್ಟಿಸಿದಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೆಲಸವಿದೆ ಎಂದು ಎದ್ದು ಬಂದಿದ್ದ.

ಈಗ ಮೇಡಂ ಐದನೆಯ ಡಬ್ಬಿಯನ್ನು ತಮ್ಮ ಹಲಗೆಯ ಹತ್ತಿರ ಒಯ್ದರು. ಅವನು ಅವರಿಗೆ ಬೆನ್ನು ಮಾಡಿ ಯಾರದೋ ಪಿತ್ತಕೋಶವನ್ನು ಬಿಡಿಸುತ್ತ ನಿಂತ. ಮುಚ್ಚಳ ತಿರುಗಿದ ಸದ್ದು, ನೀರು ಬಸಿದ ಸದ್ದು, ಚಾಕು. ಹಿಂದಿನ ಮೇಜಿನಲ್ಲಿ, ತುಂಡುಗಳನ್ನು ಮೇಣದಲ್ಲಿ ಕೂರಿಸುವ ಹೆಂಗಸು, ಅವಳನ್ನು ಎಲ್ಲರೂ ಮೇಣದಕ್ಕ ಎನ್ನುವುದು, ಇವತ್ತು ರೇಡಿಯೋ ಹಚ್ಚಿರಲಿಲ್ಲ. ಆ ಮರ್ಯಾದೆ ಅವನನ್ನು ಇನ್ನಷ್ಟು ಕುಗ್ಗಿಸಿತು. ಬಹಳ ಹೊತ್ತಿನ ಮೇಲೆ ಮೇಡಂ ಒಂಬತ್ತು ಎಂದರು. ಯಾರಿಗೂ ಅಂದದ್ದಲ್ಲ. ಇನ್ನೊಂದು ಸುತ್ತು ಹುಡುಕಿದರು. ಒಂಬತ್ತೇ. ಬೇರೆ ದಿನವಾಗಿದ್ದರೆ ಅವನ ಕಡೆ ಹಲಗೆ ಸರಿಸಿ, ನಿಮ್ಮ ಬೆರಳಿಗೆ ಬಿಟ್ಟೆ ಎನ್ನುತ್ತಿದ್ದರು. ಇವತ್ತು ಫಾರಂ ಎತ್ತಿಕೊಂಡರು. 'ಮೂರು ವಾರ,' ಎಂದು ಓದಿದರು. ಹಲಗೆಯ ಮೇಲಿದ್ದುದನ್ನು ನೋಡಿದರು. ಮತ್ತೆ ಫಾರಂ ನೋಡಿದರು. ಹದಿನೇಳು ವರ್ಷ ಅವನು ಬರೆದ ಚೀಟಿಗಳನ್ನು ಓದಿದವರಿಗೆ ಇದು ಯಾರ ಅಕ್ಷರ ಎಂದು ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಬೋರಲು ಇಟ್ಟರು, ಮೇಲೆ ಪೆನ್ನು ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಮೀಟಿಂಗಿದೆ ಎಂದು ಹೊರಟರು. ಬಾಗಿಲ ಹತ್ತಿರ ನಿಂತು, ಉಳಿದ ಕೊಬ್ಬನ್ನು ಎಸೆದಿಲ್ಲ, ಹಾಗೇ ಇದೆ, ಮಧ್ಯಾಹ್ನ ಮತ್ತೆ ನೋಡುತ್ತೇನೆ ಎಂದರು. ಅವನಿಗೇ ಹೇಳಿದ್ದೋ, ಗೋಡೆಗೆ ಹೇಳಿದ್ದೋ.

ತನ್ನನ್ನು ಗಂಟಪ್ಪ ಎಂದು ಕರೆಯತೊಡಗಿದ್ದು ಯಾವಾಗಿನಿಂದ? ಎಂಟು ವರ್ಷವಾಗಿರಬೇಕು. ಮನೆಯವರೆಲ್ಲ ಸೇರಿದ್ದ ಒಂದು ದಿನ ಹೆಂಡತಿಯ ಅಕ್ಕನ ಕತ್ತಿನ ಪಕ್ಕ ಏನೋ ಉಬ್ಬಿದ್ದು ಕಂಡು, ಮುಟ್ಟಿ ನೋಡಿ, ಮುಖ ಸಣ್ಣಗೆ ಮಾಡಿಕೊಂಡು, ಇದನ್ನು ತೋರಿಸಬೇಕು, ತಡಮಾಡಬಾರದು ಎಂದುಬಿಟ್ಟಿದ್ದ. ಅವಳ ಗಂಡ ತಟ್ಟೆ ಬಿಟ್ಟು ಎದ್ದ. ಮಕ್ಕಳು ಅತ್ತವು. ಎರಡು ದಿನ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ನೋಡಿದರೆ ಹುಳುಕು ಹಲ್ಲು. ಹಲ್ಲು ಕಿತ್ತರು, ಗಂಟು ಇಳಿಯಿತು. ಅಲ್ಲಿಂದ ಮುಂದೆ ಅವನು ಯಾರ ಮನೆಗೆ ಹೋದರೂ ಮಾತು ಒಂದೇ, ಗಂಟಪ್ಪ ಬಂದ, ಕತ್ತು ಮುಚ್ಚಿಕೊಳ್ಳಿ. ಅವನೂ ನಗುತ್ತಿದ್ದ. ಆ ಹಲ್ಲು ಕಿತ್ತ ದಿನ ಮನೆಗೆ ಬಂದ ಮೇಲೆ ಹೆಂಡತಿ ನಗಲಿಲ್ಲ. 'ನಿಮ್ಮ ಲ್ಯಾಬು ಲ್ಯಾಬಲ್ಲೇ ಇರಲಿ. ಇನ್ಮೇಲೆ ಮನೆಯವರ ಮೈ ಮುಟ್ಟಿ ರಿಪೋರ್ಟ್ ಕೊಡಬೇಡಿ' ಎಂದಳು. ಅವನು ಕೊಡಲಿಲ್ಲ. ಆದರೆ ಬೆರಳಿಗೆ ಯಾರು ಹೇಳಬೇಕು? ಮಗುವಿನ ತಲೆ ನೇವರಿಸಿದರೆ ಕಿವಿಯ ಹಿಂದೆ ಸಿಗುತ್ತಿತ್ತು, ಸ್ನೇಹಿತನ ಹೆಗಲ ಮೇಲೆ ಕೈ ಹಾಕಿದರೆ ಕತ್ತಿನ ಬುಡದಲ್ಲಿ ಸಿಗುತ್ತಿತ್ತು, ಎಲ್ಲ ಸಾಧಾರಣ ಗಂಟುಗಳು, ನೆಗಡಿಯವು, ಗಾಯದವು. ಬಾಯಿ ಮುಚ್ಚಿಕೊಂಡಿರುವುದು ಅಭ್ಯಾಸವಾಯಿತು. ಅದನ್ನೇ ದೊಡ್ಡತನ ಎಂದುಕೊಂಡಿದ್ದ.

ಐದು ತಿಂಗಳ ಹಿಂದಿನ ಆ ಭಾನುವಾರ ಮಧ್ಯಾಹ್ನ. ಊಟವಾಗಿತ್ತು, ಕಿಟಕಿಗೆ ಪರದೆ ಎಳೆದಿತ್ತು, ಫ್ಯಾನು ಕಿರುಗುಡುತ್ತಿತ್ತು. ಅವಳು ಎಡಗೈಯನ್ನು ತಲೆಯ ಮೇಲಕ್ಕೆ ಚಾಚಿ ಮಲಗಿದ್ದಳು. ಅವನ ಕೈ ಅವಳ ಮೇಲಿತ್ತು, ಹೇಗೆ ಅಲ್ಲಿಗೆ ಹೋಯಿತೋ, ಕಂಕುಳ ಒಳಗೆ, ಪಕ್ಕೆಲುಬಿಗೆ ಅಂಟಿಕೊಂಡ ಹಾಗೆ, ಬೆರಳಿಗೆ ಸಿಕ್ಕಿತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಗಟ್ಟಿ. ಒತ್ತಿದರೆ ನೋವಿಲ್ಲದ್ದು, ಅವಳು ಮಿಸುಕಲಿಲ್ಲ. ಮೂರು ಬೆರಳೂ ತಾವಾಗಿಯೇ ಅದರ ಸುತ್ತ ನಿಂತವು, ಕಟ್ಟೆಯ ಮುಂದೆ ನಿಲ್ಲುವ ಹಾಗೆ. ಎಷ್ಟು ಹೊತ್ತು? ಎರಡು ಉಸಿರು. ಅವನಿಗೆ ಗೊತ್ತಾಯಿತು. ಇದನ್ನು ಎಷ್ಟು ಸಲ ಹೇಳಿಕೊಂಡರೂ ಅವನು ಇಲ್ಲಿ ಬಂದು ನಿಲ್ಲುತ್ತಾನೆ, ಗೊತ್ತಾಯಿತು. ಅನುಮಾನವಲ್ಲ, ಹೆದರಿಕೆಯಲ್ಲ, ಗೊತ್ತಾಗುವುದು. ಆಮೇಲೆ ಗಂಟಪ್ಪ ಎಂಬ ಮಾತು ಯಾರೋ ಪಕ್ಕದ ಕೋಣೆಯಲ್ಲಿ ಅಂದ ಹಾಗೆ ಕೇಳಿತು, ಹುಳುಕು ಹಲ್ಲು ನೆನಪಾಯಿತು. ಸೆಕೆ ಎಂದು ಹೇಳಿ ಕೈ ಎಳೆದುಕೊಂಡ. ಎದ್ದು ಹೋಗಿ ನೀರು ಕುಡಿದ. ಒಂದು ಲೋಟ ಸಾಲದೆ ಇನ್ನೊಂದು ಕುಡಿದ. ತಿರುಗಿ ಬಂದಾಗ ಅವಳು ಗೋಡೆಯ ಕಡೆ ಹೊರಳಿದ್ದಳು.

ಮಧ್ಯಾಹ್ನ ಒಂದಕ್ಕೆ ಮೇಣದಕ್ಕ ಊಟಕ್ಕೆ ಎದ್ದಳು. ಹೋಗುವಾಗ ಅವನ ಹತ್ತಿರ ನಿಂತು, ಬರುವುದು ಅರ್ಧ ಗಂಟೆಯಾಗುತ್ತದೆ ಎಂದಳು. ಅವಳು ಹಾಗೆ ಹೇಳಿಹೋದದ್ದು ಇದೇ ಮೊದಲು. ಬಾಗಿಲು ಮುಚ್ಚಿತು. ಅವನು ಹೊಸ ಕೈಗವಸು ಹಾಕಿಕೊಂಡು ಮೇಡಂ ಹಲಗೆಯ ಮುಂದೆ ನಿಂತ.

ಮೈಯಲ್ಲಿ ರಕ್ತ ಹರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಇನ್ನೊಂದು ನೀರೂ ಹರಿಯುತ್ತದೆ ಎಂದು ಅವನಿಗೆ ಗೊತ್ತಾದದ್ದು ಈ ಲ್ಯಾಬಿಗೆ ಬಂದ ಮೇಲೆ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ದುಗ್ಧರಸ ಎಂದು ಅರ್ಧ ಪುಟವಿತ್ತು. ಪರೀಕ್ಷೆಗೆ ಬರುವುದಿಲ್ಲ, ಮನೆಯಲ್ಲಿ ಓದಿಕೊಳ್ಳಿ ಎಂದು ಮೇಷ್ಟ್ರು ಹಾಳೆ ತಿರುವಿಸಿದ್ದರು. ಮೇಡಂ ಹೇಳಿಕೊಟ್ಟಿದ್ದರು, ಆ ನೀರಿಗೆ ಹೃದಯವಿಲ್ಲ, ತಳ್ಳುವವರಿಲ್ಲ, ನಾವು ಕೈಕಾಲು ಆಡಿಸಿದ ಹಾಗೆ, ಉಸಿರಾಡಿದ ಹಾಗೆ ಮುಂದೆ ಹೋಗುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಗಂಟುಗಳು, ಗಂಟಿನೊಳಗೆ ಬಿಳಿ ಕಣಗಳು, ಕಾವಲಿಗೆ ಕೂತ ಹಾಗೆ. ಬೆರಳಿಗೆ ಮುಳ್ಳು ಚುಚ್ಚಿದರೆ ಅಲ್ಲಿಯ ಕೊಳೆ ಕಂಕುಳಿಗೆ ಬರುತ್ತದೆ, ಕಾವಲಿನವು ಅದನ್ನು ಹಿಡಿದು ಗುರುತಿಸುತ್ತವೆ, ಒಂದು ಹತ್ತಾಗುತ್ತದೆ, ಹತ್ತು ಸಾವಿರವಾಗುತ್ತದೆ, ಅದಕ್ಕೇ ಗಂಟು ಊದುವುದು. ಒಮ್ಮೆ ಕಂಡ ವೈರಿಯನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಚಿಕ್ಕವನಿದ್ದಾಗ ಅವನ ಕಾಲಿಗೆ ತುಕ್ಕು ಮೊಳೆ ಹೊಕ್ಕಿತ್ತು. ಹೋಗಬೇಡ ಎಂದ ಕಡೆ ಹೋಗಿದ್ದ, ಬೈಯುತ್ತಾರೆಂದು ಹೇಳಲಿಲ್ಲ. ಮೂರನೆಯ ದಿನ ಸ್ನಾನ ಮಾಡಿಸುವಾಗ ಅಮ್ಮನ ಕೈ ತೊಡೆಯ ಸಂದಿಯಲ್ಲಿ ನಿಂತಿತು. 'ಇಲ್ಲಿ ಗಂಟು ಕಟ್ಟಿದೆ. ಕಾಲಲ್ಲಿ ಏನೋ ಮುಚ್ಚಿಟ್ಟಿದ್ದೀಯ, ತೋರಿಸು' ಎಂದಳು. ಅಕ್ಷರ ಬಾರದ ಅಮ್ಮ. ಕೈ ನಿಂತಿತು, ಬಾಯಿ ಮಾತಾಡಿತು, ಎರಡರ ನಡುವೆ ಅವಳಿಗೆ ಏನೂ ಅಡ್ಡ ಬರಲಿಲ್ಲ. ತನ್ನ ಮೈಯೊಳಗಿನ ಗಂಟು ತನ್ನನ್ನೇ ಹಿಡಿದುಕೊಟ್ಟಿತಲ್ಲ ಎಂದು ಅವನಿಗೆ ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸಿತು, ಅವಳ ಕಂಕುಳಿನಲ್ಲಿದ್ದದ್ದೂ ಅದಕ್ಕೆ ತಿಳಿದ ಹಾಗೆ ಹೇಳಿತ್ತು. ಊದಿ, ಗಟ್ಟಿಯಾಗಿ, ಬೆರಳಿಗೆ ಸಿಕ್ಕಿ. ಅದರ ಕೆಲಸ ಅದು ಮಾಡಿತ್ತು.

ಬೆರಳು ಹುಡುಕುತ್ತ ಹೋಯಿತು. ಇದು ಕೊಬ್ಬು, ಎಲ್ಲರ ಕೊಬ್ಬಿನ ಹಾಗೆ ಹಳದಿ ಎಂದು ತನಗೆ ತಾನೇ ಹೇಳಿಕೊಂಡ. ಹತ್ತನೆಯದು ಸಿಕ್ಕಿತು, ಹೆಸರುಕಾಳಿನಷ್ಟು, ಮೃದು. ಹನ್ನೊಂದು. ಎರಡನ್ನೂ ಬದಿಗಿಟ್ಟ. ಎದೆಯಲ್ಲಿ ಏನೋ ಆಸೆ ಅಲ್ಲಾಡಿತು, ಇವು ಶುದ್ಧವಾಗಿವೆ. ಆಮೇಲೆ, ನೋಡಬಾರದು ಎಂದುಕೊಂಡೇ, ಮೇಡಂ ಬೇರೆ ಮಾಡಿ ಇಟ್ಟಿದ್ದ ಒಂಬತ್ತರ ಕಡೆ ನೋಡಿದ. ಮೊದಲನೆಯದು ದೊಡ್ಡದು, ಅದನ್ನು ಎರಡಾಗಿ ಸೀಳಿದ್ದರು. ಗೋಲಿಯಷ್ಟಿತ್ತು. ಅದರ ಬೆನ್ನಿಗೆ ಇನ್ನೊಂದು ಅಂಟಿಕೊಂಡಿತ್ತು, ಎರಡರ ನಡುವೆ ಗೆರೆ ಉಳಿದಿರಲಿಲ್ಲ. ಒಳಗೆ ಬೂದುಬಣ್ಣ, ಮರಳು ಮರಳು. ಸೀಳಿದ ಎರಡು ಭಾಗವನ್ನು ಜೋಡಿಸಿ, ಕಣ್ಣು ಮುಚ್ಚಿ, ಮೂರು ಬೆರಳಲ್ಲಿ ಹಿಡಿದ. ಪರಿಚಯದವರ ಕೈ ಹಿಡಿದ ಹಾಗಾಯಿತು. ಅದೇ. ಅವತ್ತು ಇದು ಒಂದೇ ಇತ್ತು, ಒತ್ತಿದರೆ ಅಷ್ಟಿಷ್ಟು ಅಲ್ಲಾಡುತ್ತಿತ್ತು. ಐದು ತಿಂಗಳಲ್ಲಿ ಪಕ್ಕದ ಮನೆಯನ್ನೂ ಸೇರಿಸಿಕೊಂಡಿದೆ. ಅವನ ಎರಡು ಲೋಟ ನೀರು, ಅವನ ಸೆಕೆ, ಅವನ ದೊಡ್ಡತನ, ಎಲ್ಲ ಸೇರಿ ಇಷ್ಟು ಬೆಳೆದಿದೆ. ಅವನಿಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಬಟ್ಟೆಯಿಲ್ಲದೆ ಬೀದಿಯಲ್ಲಿ ಸಿಕ್ಕಿಬಿದ್ದವನಿಗೆ ಆಗುವ ನಾಚಿಕೆ, ಮತ್ತು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಕೈಗವಸು ಕಿತ್ತು ಫಾರಂ ತಿರುಗಿಸಿದ. ಮೂರು ವಾರ ಎಂಬುದರ ಮೇಲೆ ಗೀಟು ಎಳೆದು ಐದು ತಿಂಗಳು ಎಂದು ಬರೆದ, ಪಕ್ಕದಲ್ಲಿ ಸಹಿ ಹಾಕಿದ. ಅಕ್ಷರ ಕೆಟ್ಟದಾಗಿ ಬಂತು. ಮೀಟಿಂಗಿನಿಂದ ಬಂದ ಮೇಡಂ ಹಲಗೆಯ ಮೇಲಿನ ಹನ್ನೊಂದು ಗಂಟುಗಳನ್ನು ನೋಡಿದರು, ಫಾರಂ ನೋಡಿದರು. ನಿಮ್ಮ ಹೆಂಡತಿಗೆ ಗೊತ್ತಾ ಎಂದು ಕೇಳಿದರು. ಇಲ್ಲ ಎಂದ. ಮೇಡಂ ಬಹಳ ಹೊತ್ತು ತಮ್ಮ ಕನ್ನಡಕವನ್ನು ಒರೆಸಿದರು. 'ಇವತ್ತು ನಾಲ್ಕಕ್ಕೆ ವಾರ್ಡಿನ ಬಾಗಿಲು ತೆರೀತಾರೆ. ನೀವೇ ಹೇಳಿ. ನಾನು ಹೇಳೋ ಹಾಗೆ ಮಾಡಬೇಡಿ' ಎಂದರು.

ನಾಲ್ಕಕ್ಕೆ ಅವನು ವಾರ್ಡಿನಲ್ಲಿದ್ದ. ಹೆಂಡತಿಯ ಅಕ್ಕ ಅವನನ್ನು ಕಂಡದ್ದೇ ಖುಷಿಯಾಗಿ ಎದ್ದಳು. ಗಂಟಪ್ಪನವರು ಬಂದರು, ಇನ್ನು ನಾನು ಹೋಗಿ ಫ್ಲಾಸ್ಕಿಗೆ ಬಿಸಿನೀರು ತರುತ್ತೇನೆ ಎಂದಳು. ಪ್ರೀತಿಯಿಂದಲೇ ಅಂದದ್ದು. ಅವಳು ಹೋದ ಮೇಲೆ ಸ್ಟೂಲಿನ ಮೇಲೆ ಕುಳಿತ. ಹೆಂಡತಿಯ ಎಡಗೈ ದಿಂಬಿನ ಮೇಲಿತ್ತು. ಆ ಕೈಗೆ ಇನ್ನು ಮುಂದೆ ಸೂಜಿ ಚುಚ್ಚಬಾರದು, ಗಾಯ ಮಾಡಿಕೊಳ್ಳಬಾರದು ಎಂದು ನರ್ಸು ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದಳು. ಕಾವಲಿನವರನ್ನು ತೆಗೆದಾಗಿದೆ. ಎದೆಯ ಪಕ್ಕದಿಂದ ಇಳಿದ ಸಣ್ಣ ಕೊಳವೆ ಮಂಚದ ಕೆಳಗಿನ ಬಾಟಲಿಗೆ ಹೋಗಿತ್ತು, ಬಾಟಲಿಯಲ್ಲಿ ತಿಳಿ ಹಳದಿ ನೀರು. ಹೋಗಲು ದಾರಿ ಕಾಣದೆ ಹೊರಗೆ ಬಂದ ನೀರು. ಹೇಗೆ ಶುರು ಮಾಡಬೇಕೆಂದು ಲಿಫ್ಟಿನಲ್ಲಿ ಜೋಡಿಸಿಕೊಂಡಿದ್ದ ಮಾತು ಆ ಬಾಟಲಿ ನೋಡಿ ಹಾರಿಹೋಯಿತು.

'ಫಾರಂನಲ್ಲಿ ತಪ್ಪು ಬರೆದಿದ್ದೆ' ಎಂದ. 'ಮೂರು ವಾರ ಅಂತ. ಇವತ್ತು ತಿದ್ದಿದೆ. ಐದು ತಿಂಗಳು ಅಂತ ಬರೆದೆ. ಒಂದು ಭಾನುವಾರ...'

'ಆರು' ಎಂದಳು ಅವಳು.

ಅವನಿಗೆ ಅರ್ಥವಾಗಲಿಲ್ಲ.

'ಆರು ತಿಂಗಳು. ನಂಗೆ ನಿಮಗಿಂತ ಒಂದು ತಿಂಗಳು ಮೊದಲೇ ಸಿಕ್ಕಿತ್ತು, ಸ್ನಾನ ಮಾಡುವಾಗ.' ಅವಳು ಛಾವಣಿ ನೋಡುತ್ತಿದ್ದಳು, ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. 'ಕೇಳೋಣ ಅಂದ್ರೆ, ರಿಪೋರ್ಟ್ ಕೊಡಬೇಡಿ ಅಂದವಳು ನಾನೇ. ಯಾವ ಬಾಯಲ್ಲಿ ಕೇಳಲಿ? ಅದಕ್ಕೇ ಅವತ್ತು ನಿಮ್ಮ ಕೈ ತಗೊಂಡು ಅಲ್ಲಿ ಇಟ್ಟೆ.'

ಫ್ಯಾನು, ಪರದೆ, ತಲೆಯ ಮೇಲೆ ಚಾಚಿದ ಅವಳ ತೋಳು. ಕೈ ಹೇಗೆ ಅಲ್ಲಿಗೆ ಹೋಯಿತೋ ಎಂದು ಐದು ತಿಂಗಳು ಅವನು ಹೇಳಿಕೊಂಡು ಬಂದಿದ್ದ. ಈಗ ಮಣಿಕಟ್ಟಿನ ಮೇಲೆ ಅವಳ ಬೆರಳುಗಳು ನೆನಪಾದವು, ತಣ್ಣಗೆ, ದಾರಿ ತೋರಿಸುತ್ತ. ಅವುಗಳನ್ನು ಅವನು ಪೂರ್ತಿ ಮರೆತಿದ್ದ. ಮರೆತಿರಲಿಲ್ಲ, ಹೇಳಿಕೊಳ್ಳುವಾಗ ಬಿಟ್ಟಿದ್ದ.

'ನಿಮ್ಮ ಬೆರಳು ನಿಂತಿದ್ದು ನಂಗೆ ಗೊತ್ತಾಯ್ತು' ಎಂದಳು. 'ಆಮೇಲೆ ಸೆಕೆ ಅಂದ್ರಿ. ಇಷ್ಟು ವರ್ಷ ಅದೇ ಕೆಲಸ ಮಾಡ್ತಿರೋರು ಮುಟ್ಟಿ ನೋಡಿ ಸುಮ್ಮನಾದ್ರು ಅಂದ್ರೆ ಏನೂ ಇಲ್ಲ ಅಂತ ಅಂದ್ಕೊಂಡೆ. ಅವತ್ತು ಚೆನ್ನಾಗಿ ನಿದ್ದೆ ಬಂತು.'

ಪಕ್ಕದ ಹಾಸಿಗೆಯ ಮುದುಕಿ ಕೆಮ್ಮಿದಳು. ಅವನು ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎಂದ. ಲಿಫ್ಟಿನಲ್ಲಿ ಅದು ದೊಡ್ಡ ಮಾತಾಗಿ ಕಂಡಿತ್ತು, ಇಲ್ಲಿ ಯಾರದೋ ಕಾಲು ತುಳಿದು ಹೇಳುವ ಮಾತಿನ ಹಾಗೆ ಕೇಳಿಸಿತು. ಅವಳು ಹೂಂ ಎಂದಳು. ಆಮೇಲೆ ಸೂಜಿ ಚುಚ್ಚಿದ್ದ ಬಲಗೈಯನ್ನು ಮೆಲ್ಲಗೆ ಮೈಯಿಂದ ದೂರ ಸರಿಸಿದಳು.

'ಈ ಕಡೆ ನೋಡಿ. ಈ ಸಲ ಹೇಳಿ.'

ಅವನು ಸ್ಟೂಲನ್ನು ಆ ಬದಿಗೆ ಎಳೆದುಕೊಂಡು ಹೋದ. ಬಲ ಕಂಕುಳಿಗೆ ಕೈ ಹಾಕಿದ. ಮೂರು ಬೆರಳೂ ಮೆಲ್ಲಗೆ ಹುಡುಕಿದವು. ಮೇಲೆ ಇಲ್ಲ. ಪಕ್ಕೆಲುಬಿನ ಹತ್ತಿರ ಇಲ್ಲ. ಒಳಗೆ, ಮಡಿಕೆಯ ಹಿಂದೆ, ಒಂದು ಸಿಕ್ಕಿತು. ಅವನು ಕೈ ತೆಗೆಯಲಿಲ್ಲ.

'ಒಂದಿದೆ' ಎಂದ. 'ಚಿಕ್ಕದು. ಮೆತ್ತಗಿದೆ, ಒತ್ತಿದ್ರೆ ಜಾರುತ್ತೆ. ಇದು ಒಳ್ಳೇದು. ಇಂಥದ್ದು ಎಲ್ಲರಿಗೂ ಇರುತ್ತೆ, ಇರಬೇಕು.'

ಜೀವನದಲ್ಲಿ ಇಷ್ಟು ಖಚಿತವಾಗಿ ಅವನು ಏನನ್ನೂ ಹೇಳಿರಲಿಲ್ಲ, ಮತ್ತು ಅದು ನಿಜವಾಗಿತ್ತು. ಅವಳು ಛಾವಣಿಯಿಂದ ದೃಷ್ಟಿ ಇಳಿಸಿ ಅವನ ಮುಖವನ್ನು ನೋಡಿದಳು, ಅವತ್ತು ಡಾಕ್ಟರ ಎದುರು ನೋಡಿದ ಹಾಗೆಯೇ, ಆದರೆ ಇನ್ನೂ ಹೆಚ್ಚು ಹೊತ್ತು.

'ಸರಿ' ಎಂದಳು. 'ನಾಳೆ ಡಾಕ್ಟ್ರನ್ನೂ ಒಂದ್ಸಲ ಕೇಳ್ತೀನಿ.'

'ಕೇಳು' ಎಂದ ಅವನು. ಬೆರಳು ಇನ್ನೂ ಅಲ್ಲೇ ಇತ್ತು.